ವಿಲಾಯ್ತಿ ಕಾರು, ಬೀಗರ ಪಂಚೆ

ವಾಮದೇವಪ್ಪನವರು ಆ ಗುರುವಾರ ಪ್ಯಾಂಟು ಹಾಕಿಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪ್ಯಾಂಟು ಇರಲಿಲ್ಲವೇ ಅಂದರೆ, ಇತ್ತು. ಇಸ್ತ್ರಿಯಾಗಿ ಕುರ್ಚಿಯ ಮೇಲೆ ಸಿದ್ಧವಾಗಿತ್ತು. ಅದನ್ನು ಎತ್ತಿ ಒಳಗಿಟ್ಟು, ಜರಿಯಂಚಿನ ಪಂಚೆ ಕೈಗೆ ಕೊಟ್ಟವರು ಅವರ ಹೆಂಡತಿ ಕಮಲಕ್ಕ.

"ಮಧ್ಯಾಹ್ನ ಒಂದು ಗಂಟೆಗೆ ಬೀಗ್ರು ಬರ್ತಾರೆ. ಅವರು ಕೊಟ್ಟ ಪಂಚೆ ಉಟ್ಕೊಂಡು ಬಾಗಿಲಲ್ಲಿ ನಿಂತು ಬರ್ರಿ ಅನ್ನಬೇಕು ನೀವು."

"ಹರಿಹರಕ್ಕೆ ಹೋಗಿ ಬಂದು ಉಟ್ಕೊಂಡ್ರೆ ಆಗಲ್ವೇನೇ?"

"ಆ ಕಾರಿನ ಹತ್ರ ಹೋದ್ರೆ ನಿಮಗೆ ಹೊತ್ತು ಗೊತ್ತು ಇರ್ತೈತಾ? ಅವರು ಅಂಗಳದಾಗೆ ನಿಂತಿರೋದು, ನೀವು ಪಂಚೆ ಹುಡುಕ್ಕೊಂಡು ಒಳಗೆ ಓಡೋದು. ಬ್ಯಾಡ್ರಿ, ಈಗ್ಲೇ ಉಟ್ಕೊಳ್ರಿ."

ಕಮಲಕ್ಕನ ಹೆದರಿಕೆಗೆ ಕಾರಣವಿತ್ತು. ಮಗಳು ಕೀರ್ತನಾಳನ್ನು ಕೇಳಿಕೊಂಡು ಬಂದವರು ಮಾಯಕೊಂಡದ ಸೂರಪ್ಪ. ಹುಡುಗ ಗಣೇಶ ದನದ ಡಾಕ್ಟರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಒಪ್ಪಿದ್ದು ಸಾಲದು ಅಂತ ದಿನಾ ಎರಡು ತಾಸು ಫೋನಿನಲ್ಲಿ ಮತ್ತೆ ಮತ್ತೆ ಒಪ್ಪುತ್ತಿದ್ದರು. ತೊಡಕು ಇದ್ದದ್ದು ಸೂರಪ್ಪನವರ ಸ್ವಭಾವದಲ್ಲಿ. ಹೋದ ವರ್ಷ ಹೊನ್ನಾಳಿ ಕಡೆಯ ಸಂಬಂಧ, ಲಗ್ನಪತ್ರಿಕೆಯವರೆಗೂ ಬಂದದ್ದು, ಒಂದೇ ಏಟಿಗೆ ಮುರಿದು ಎದ್ದು ಬಂದಿದ್ದರು. ಯಾಕೆ ಅಂದರೆ ಹುಡುಗಿಯ ಅಪ್ಪ ಕುರ್ಚಿಯಿಂದ ಏಳದೆ "ಬರ್ರಿ" ಅಂದಿದ್ದನಂತೆ. "ಮನೆಗೆ ಬಂದೋರಿಗೆ ಎದ್ದು ನಿಲ್ಲದ ಮಂದಿ ನಮಗೆ ಬ್ಯಾಡ," ಅಂತ ಊರ ತುಂಬಾ ಹೇಳಿಕೊಂಡು ತಿರುಗಿದ್ದರು. ಅಂಥವರು ಇವತ್ತು ಮದುವೆಯ ದಿನ ಗೊತ್ತು ಮಾಡಲು ಬರುತ್ತಿದ್ದರು.

ಇನ್ನು ಕಾರಿನ ವಿಷಯ. ವಾಮದೇವಪ್ಪನವರದು ಮಲೆಬೆನ್ನೂರು ರಸ್ತೆಯಲ್ಲಿ ಅಕ್ಕಿ ಮಿಲ್ಲು, ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ. ಚಿಕ್ಕವರಿದ್ದಾಗ ಹತ್ತಿ ಗಿರಣಿಯ ಮ್ಯಾನೇಜರೊಬ್ಬರ ಬಂಗಲೆ ಮುಂದೆ ಎರಡೇ ಸೀಟಿನ ಕೆಂಪು ಕಾರು ನಿಲ್ಲುತ್ತಿತ್ತು. ಅದರ ಹಿಂದೆ ಸೈಕಲ್ ತುಳಿದು ತುಳಿದು ಅವರ ಮೀನಖಂಡ ಗಟ್ಟಿಯಾಗಿತ್ತೇ ಹೊರತು ಆಸೆ ತೀರಿರಲಿಲ್ಲ. ಐವತ್ತೇಳನೇ ವಯಸ್ಸಿನಲ್ಲಿ ಅಂಥದ್ದೇ ಒಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕಿದೆ ಅಂತ ಫೋನಿನಲ್ಲಿ ಕಂಡಿತು. ಸಾವಿರದ ಒಂಬೈನೂರ ಅರವತ್ತೇಳರದ್ದು, ಅದೇ ಕೆಂಪು. ಮಾರುವವನು ಒಬ್ಬ ಮುದುಕ. ವಿಡಿಯೋ ಕಾಲಿನಲ್ಲಿ ಅವನು ಕಾರನ್ನು ಸವರುತ್ತಾ ಕಣ್ಣೀರು ಹಾಕಿದ. ಇತ್ತ ವಾಮದೇವಪ್ಪನವರೂ ಹಾಕಿದರು. ಭಾಷೆ ಅರ್ಥವಾಗದಿದ್ದರೂ ವ್ಯಾಪಾರ ಕುದುರಿತು.

ಆಮೇಲೆ ಹದಿನಾಲ್ಕು ತಿಂಗಳು ಕಾಗದ ಪತ್ರ. ಹಡಗಿನದ್ದು, ಕಸ್ಟಮ್ಸಿನದ್ದು, ಆರ್‌ಟಿಓದು. ಕಾರು ಐವತ್ತು ವರ್ಷಕ್ಕಿಂತ ಹಳೇದು ಅನ್ನುವುದಕ್ಕೇ ಒಂದು ಸರ್ಟಿಫಿಕೇಟು ಬೇಕಾಯಿತು. "ಎಲ್ಲಾರೂ ಹೊಸದು ಅಂತ ಖಾತ್ರಿ ಮಾಡ್ಕೊಂಡು ತಗೋತಾರೆ. ಹಳೇದು ಅಂತ ಖಾತ್ರಿ ಮಾಡ್ಕೊಂಡು ತಗೊಳ್ಳೋರು ನೀವೊಬ್ರೇ," ಅಂದಿದ್ದರು ಕಮಲಕ್ಕ. ಬಂದರಿನಿಂದ ಲಾರಿಯಲ್ಲಿ ಬಂದ ಕಾರು ಹರಿಹರದಲ್ಲಿ ನಯೀಮನ ಗ್ಯಾರೇಜು ಸೇರಿ, ಇವತ್ತು ಅದರ ಕೆಲಸವೆಲ್ಲ ಮುಗಿದಿತ್ತು. ಬೀಗರು ಬರುವ ಹೊತ್ತಿಗೆ ಅದು ಮನೆ ಮುಂದೆ ನಿಂತಿರಬೇಕು, ಇದು ವಾಮದೇವಪ್ಪನವರ ಆಸೆ.

ಬೆಳಿಗ್ಗೆ ಹತ್ತಕ್ಕೆ ಹರಿಹರದ ಗ್ಯಾರೇಜಿನಲ್ಲಿ ಅವರು ಕಾರಿನೊಳಗೆ ಕೂತರು. ಕೂತರು ಅನ್ನುವುದಕ್ಕಿಂತ ಬಿದ್ದರು ಅನ್ನಬೇಕು. ಅದರ ಸೀಟು ಇದ್ದದ್ದು ನೆಲದಿಂದ ಒಂದು ಗೇಣು ಮೇಲೆ. ಹೊಟ್ಟೆಗೆ ಜಾಗ ಆಗಲಿ ಅಂತ ನಯೀಮ ಸೀಟನ್ನು ಹಿಂದಕ್ಕೆ ತಳ್ಳಿದ. ಹೊಟ್ಟೆಗೆ ಜಾಗ ಆಯಿತು, ಕಾಲಿಗೆ ಕ್ಲಚ್ಚು ಎಟುಕಲಿಲ್ಲ.

"ಪಕ್ಕದಾಗೆ ಹಿಡಿಕೆ ಐತ್ರಿ ಸಾವ್ಕಾರ್ರೆ. ಅದನ್ನ ಎತ್ತಿ ಮುಂದಕ್ಕೆ ಜಗ್ರಿ. ಮೆತ್ತಗೆ," ಅಂದ ನಯೀಮ.

ಹದಿನಾಲ್ಕು ತಿಂಗಳು ಕಾದವರಿಗೆ ಮೆತ್ತಗೆ ಅನ್ನುವುದು ಎಲ್ಲಿ ಕೇಳಿಸಬೇಕು? ವಾಮದೇವಪ್ಪ ಉಸಿರು ಕಟ್ಟಿ ಜಗ್ಗಿದರು. ಸೀಟು ಕಂಬಿಯ ಮೇಲೆ ಸರ್ರಂತ ಮುಂದೆ ಬಂದು ಕಟಕ್ಕಂತ ಕೂತಿತು. ಹಿಡಿಕೆ ಮುರಿದು ಕೈಗೆ ಬಂತು. ಪಂಚೆ ಮಾತ್ರ ತೊಡೆ ಮೇಲಿಂದ ಯಾರೋ ಹಿಡಿದು ಎಳೆದ ಹಾಗೆ ಬಿಗಿಯಾಯಿತು. ಬಗ್ಗಿ ನೋಡಿದರೆ, ಕೆಳಗೆ ಇಳಿಬಿದ್ದಿದ್ದ ಅರ್ಧ ಪಂಚೆ ಜರಿಯಂಚಿನ ಸಮೇತ ಸೀಟಿನ ಕಂಬಿಯೊಳಗೆ ಹೋಗಿ ಸುತ್ತಿಕೊಂಡುಬಿಟ್ಟಿತ್ತು. ಸೀಟು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ನಯೀಮ ಅಂಗಾತ ಮಲಗಿ ಕೈ ಹಾಕಿದ. "ಸೀಟೇ ಬಿಚ್ಚಬೇಕ್ರಿ. ಆದ್ರೆ ಇವು ವಿಲಾಯ್ತಿ ಬೋಲ್ಟು, ಇಂಚಿನ ಲೆಕ್ಕದವು. ನನ್ನ ಪಾನಾ ಎಲ್ಲಾ ಎಂ.ಎಂ. ಒಂದೂ ಕೂಡ್ರಲ್ಲ."

ಗದ್ದಲ ಕೇಳಿ ಪಕ್ಕದ ಮನೆಯಿಂದ ನಯೀಮನ ತಾಯಿ ಹಜೀರಾಬೀ ಬಂದರು. ಬಟ್ಟೆ ಹೊಲಿಯುವವರು, ಕತ್ತರಿ ಹಿಡಿದುಕೊಂಡೇ ಬಂದಿದ್ದರು. "ಇಷ್ಟಕ್ಕೆ ಯಾಕ ಗಾಬರಿ? ಇಲ್ಲಿ ಚಕ್ ಅಂತ ಕತ್ತರಿಸ್ತೀನಿ. ನಯೀಮಂದು ಲುಂಗಿ ಕೊಡ್ತೀನಿ, ಉಟ್ಕೊಂಡು ಇಳೀರಿ."

"ಅಯ್ಯೋ ಬ್ಯಾಡಬೇ!" ವಾಮದೇವಪ್ಪ ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡರು. "ಬೀಗ್ರು ಕೊಟ್ಟಿದ್ದಿದು. ಅವರು ಕೊಟ್ಟ ಬಟ್ಟೆ ಕತ್ತರಿಸಿ, ಲುಂಗಿ ಉಟ್ಕೊಂಡು ಅವರ ಎದುರಿಗೆ ನಿಂತ್ರೆ ನನ್ನ ಮಗಳ ಮದುವೆ ಅಲ್ಲಿಗೇ ಮುಗೀತು."

ಕೊನೆಗೆ ನಯೀಮನೇ ದಾರಿ ಹುಡುಕಿದ. ದಾವಣಗೆರೆಯಲ್ಲಿ ಮೌಲಾ ಸಾಬ್ ಅಂತ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ, ಹಿಂದೆ ಮಿಲ್ಲುಗಳ ವಿಲಾಯ್ತಿ ಎಂಜಿನ್ ರಿಪೇರಿ ಮಾಡುತ್ತಿದ್ದವರು, ಅವರ ಹತ್ತಿರ ಇಂಚಿನ ಪಾನಾ ಇರುತ್ತವೆ. "ನಾನು ಬೈಕಿನಾಗೆ ಹೋಗಿ ಅವರನ್ನ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ನೀವು ಗಾಡಿ ಹೊಡ್ಕೊಂಡು ಬರ್ರಿ. ಕೂತ್ಕೊಂಡು ಇರೋಕೆ ಏನೂ ತೊಂದ್ರೆ ಇಲ್ಲಲ್ಲ?"

ಕೂತುಕೊಂಡು ಇರಲು ಏನೂ ತೊಂದರೆ ಇರಲಿಲ್ಲ. ಇನ್ನೂ ಹೇಳಬೇಕೆಂದರೆ, ಆ ಎಂಜಿನ್ನು ಗುರ್ರ್ ಅಂದಾಗ, ಮರದ ಸ್ಟೇರಿಂಗು ಅಂಗೈಯಲ್ಲಿ ಸಣ್ಣಗೆ ನಡುಗಿದಾಗ, ಪಿ.ಬಿ. ರಸ್ತೆಯಲ್ಲಿ ಹೋಗುವವರೆಲ್ಲ ಬಾಯಿ ಬಿಟ್ಟುಕೊಂಡು ನಿಂತಾಗ ವಾಮದೇವಪ್ಪನವರಿಗೆ ಪಂಚೆ ಮರೆತೇ ಹೋಯಿತು. ಇಷ್ಟು ಖುಷಿ ಅವರು ತಮ್ಮ ಮದುವೆಯ ದಿನವೂ ಪಟ್ಟಿರಲಿಲ್ಲ. ಇದನ್ನು ಅವರು ಕಮಲಕ್ಕನಿಗೆ ಇವತ್ತಿನವರೆಗೂ ಹೇಳಿಲ್ಲ.

ಖುಷಿ ದೊಡ್ಡಬಾತಿಯ ತನಕ ನಡೆಯಿತು. ಅಲ್ಲಿ ಹೋಟೆಲಿನ ಮುಂದೆ ಅಕ್ಕಿ ಮಿಲ್ಲಿನ ಸ್ನೇಹಿತರು ಐದಾರು ಜನ ಹಾರ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದರು.

"ಇಳೀರಿ ವಾಮಣ್ಣ, ಇಳೀರಿ! ಮಿರ್ಚಿ ಹಾಕಿಸೀವಿ, ಬಿಸಿ ಐತೆ."

"ಇಲ್ಲೇ ಕೊಡ್ರಿ."

"ಹಾರ ಹಾಕಬೇಕಲ್ರಿ?"

"ಕಿಟಕಿಯಾಗಿಂದ ಹಾಕ್ರಿ."

ಸ್ನೇಹಿತರು ಮುಖ ಮುಖ ನೋಡಿಕೊಂಡರು. ಬಗ್ಗಿ, ಮಂಡಿಯೂರಿ, ಕಿಟಕಿಯೊಳಗೆ ತಲೆ ತೂರಿಸಿ ಹಾರ ಹಾಕಿದರು. ಒಬ್ಬರ ಕನ್ನಡಕ ಗೇರಿನ ಹತ್ತಿರ ಬಿತ್ತು. ಕಾರು ಮುಂದೆ ಹೋದ ಮೇಲೆ, "ನಿನ್ನೆ ತನಕ ಸ್ಕೂಟರಿನಾಗೆ ಬಂದು ನಮ್ಮ ಜೊತೆ ಚಹಾ ಕುಡೀತಿದ್ದ. ಒಂದು ಕಾರು ಬಂದಿದ್ದೇ ತಡ, ಭೂಮಿಗೆ ಕಾಲು ಇಡವಲ್ಲ," ಅಂದದ್ದು ಕನ್ನಡಿಯಲ್ಲಿ ಕಾಣದಿದ್ದರೂ ಬೆನ್ನಿಗೆ ಕೇಳಿಸಿತು. ಇಪ್ಪತ್ತು ವರ್ಷದ ಗೆಳೆತನ.

ದಾವಣಗೆರೆಯ ಮೊದಲ ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. "ಇಳೀರಿ ಕೆಳಗೆ, ಕಾಗದ ತೋರಿಸ್ರಿ."

"ಕಾಗದ ಇಲ್ಲೈತೆ, ತಗೊಳ್ರಿ. ನಾನು ಇಳಿಯಂಗಿಲ್ಲ."

"ಯಾಕ್ರೀ ಇಳಿಯಂಗಿಲ್ಲ?"

"ಇಳಿಯಂಗಿಲ್ಲ ಅಂದ್ರೆ ಇಳಿಯಂಗಿಲ್ಲ. ಯಾರು ಬಂದ್ರೂ ಇಳಿಯಂಗಿಲ್ಲ!"

ಇಷ್ಟು ಧೈರ್ಯದಿಂದ ಮಾತಾಡುವವರು ಸಾಧಾರಣ ಮನುಷ್ಯ ಇರಲಾರರು. ಪೊಲೀಸಿನವರು ಕಾರನ್ನು ನೋಡಿದರು, ಕೊರಳಿನ ಹಾರ ನೋಡಿದರು, ಜರಿಯಂಚು ನೋಡಿದರು. ಕಾಗದ ಬಿಚ್ಚದೆ ವಾಪಸ್ಸು ಕೊಟ್ಟು ಒಂದು ಸೆಲ್ಯೂಟ್ ಹೊಡೆದು, ಎದುರಿನಿಂದ ಬರುತ್ತಿದ್ದ ಆಟೋಗಳನ್ನೆಲ್ಲ ತಡೆದು ನಿಲ್ಲಿಸಿದರು.

ಬಿ ಬ್ಲಾಕಿನ ತಿರುವಿಗೆ ಬಂದಾಗ ಹನ್ನೆರಡೂಕಾಲು. ಬೀಗರು ಬರುವುದು ಒಂದಕ್ಕೆ, ಅಷ್ಟರಲ್ಲಿ ಮೌಲಾ ಸಾಬ್ ಸೀಟು ಬಿಚ್ಚಿರುತ್ತಾರೆ ಅಂತ ಲೆಕ್ಕ ಹಾಕುತ್ತಾ ಮನೆ ಮುಂದೆ ಬ್ರೇಕ್ ಹಾಕಿದರೆ, ಗೇಟಿನಲ್ಲಿ ಸೂರಪ್ಪ ನಿಂತಿದ್ದರು! ಬಿಳಿ ಜುಬ್ಬ, ಬಿಳಿ ಮೀಸೆ, ಕೈಯಲ್ಲಿ ಕೊಡೆ. ಹಿಂದೆ ಗಣೇಶ. ಒಳ್ಳೇ ಗಳಿಗೆ ಅಂತ ಮುಕ್ಕಾಲು ಗಂಟೆ ಮುಂಚೆಯೇ ಬಂದಿದ್ದರು. ಓಣಿಗೆ ಓಣಿಯೇ ಹೊರಗೆ ಬಂದಿತ್ತು. ಎದುರು ಮನೆಯ ಓಬಯ್ಯ ಮೇಷ್ಟ್ರು, ರಿಟೈರಾದ ಮೇಲೆ ಓಣಿಯ ಎಲ್ಲರ ಉಸಾಬರಿಯನ್ನೂ ತಮ್ಮ ಮೇಲೆ ಹಾಕಿಕೊಂಡವರು, ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ಹಿಡಿದು ಎಲ್ಲರಿಗಿಂತ ಮುಂದೆ ಇದ್ದರು.

"ಬರ್ರಿ ಬೀಗ್ರೆ, ಬರ್ರಿ ಬರ್ರಿ," ಅಂದರು ವಾಮದೇವಪ್ಪ. ಕೂತಲ್ಲಿಂದಲೇ ಅಂದರು.

ಸೂರಪ್ಪನವರ ಮೀಸೆಯಡಿಯ ನಗು ನಿಂತುಹೋಯಿತು. ಆರತಿ ತಟ್ಟೆ ಹಿಡಿದಿದ್ದ ಕಮಲಕ್ಕ ಕಾರಿನ ಕಿಟಕಿಗೆ ಬಗ್ಗಿ, ಮುಖದಲ್ಲಿ ನಗು ಇಟ್ಟುಕೊಂಡೇ ಹಲ್ಲು ಕಚ್ಚಿದರು. "ಏನ್ರೀ ಇದು? ಇಳೀರಿ!"

"ಪಂಚೆ ಸೀಟಿನ ಕೆಳಗೆ ಸಿಕ್ಕೊಂಡೈತೆ ಕಣೇ."

"ಹರೀತಾ?"

"ಎದ್ರೆ ಹರಿಯುತ್ತೆ. ಇಲ್ಲಾ ಬಿಚ್ಚಿಹೋಗುತ್ತೆ."

ಕಮಲಕ್ಕನ ಬಣ್ಣ ಇಳಿಯಿತು. ಗಂಡನನ್ನು ನೋಡಿದರು, ಬೀಗರನ್ನು ನೋಡಿದರು. "ಹಂಗಾದ್ರೆ ಕೂತೇ ಇರ್ರಿ," ಅಂದು ಕಾರಿಗೆ ಆರತಿ ಎತ್ತಿದರು.

ಆದರೆ ಓಬಯ್ಯ ಮೇಷ್ಟ್ರಿಗೆ ಸುಮ್ಮನಿರುವುದು ಗೊತ್ತಿಲ್ಲ. ನೆರೆಯವನ ಮಾನ ಕಾಪಾಡುವುದು ತಮ್ಮ ಕರ್ತವ್ಯ ಅನಿಸಿತು. "ತಪ್ಪು ತಿಳೀಬ್ಯಾಡ್ರಿ ಸೂರಪ್ಪನೋರೆ. ನಮ್ಮ ವಾಮದೇವಪ್ಪಗೆ ಮೊಣಕಾಲಿಂದು ಸ್ವಲ್ಪ... ಒಮ್ಮೊಮ್ಮೆ ಹಿಡ್ಕೊಂಡುಬಿಡ್ತೈತೆ."

"ಮೊಣಕಾಲಾ?" ಸೂರಪ್ಪ ಕೇಳಿದರು. "ಹೋದ ತಿಂಗಳು ನಮ್ಮ ಮನೆಯಾಗೆ ಚಕ್ಕಳಮಕ್ಕಳ ಹಾಕಿ ಊಟ ಮಾಡಿದ್ರಲ್ಲ?"

"ಅಲ್ಲಲ್ಲ, ಸೊಂಟ," ಅಂದರು ಮೇಷ್ಟ್ರು.

ಅಷ್ಟು ಕೇಳಿದ್ದೇ ಗಣೇಶ ಮುಂದೆ ಬಂದ. ಡಾಕ್ಟರು ಅಲ್ಲವೇ? ಕಾರಿನ ಕದ ತೆಗೆದು, ಹೋರಿಯ ಕಾಲು ಹಿಡಿದು ಅಭ್ಯಾಸವಿದ್ದ ಕೈಯಿಂದ ಮಾವನ ತೊಡೆಯನ್ನು ಗಟ್ಟಿಯಾಗಿ ಅದುಮಿದ. ವಾಮದೇವಪ್ಪ "ಹಾ!" ಅಂದರು. "ನರದ್ದೇ," ಅಂದ ಗಣೇಶ. "ಮನೆತನದಾಗೆ ಬೇರೆ ಯಾರಿಗಾದ್ರೂ ಹಿಂಗಾಗಿತ್ತಾ ಮಾವ?"

"ಅವರ ಅಪ್ಪಗೂ ಇತ್ತು," ಅಂದರು ಮೇಷ್ಟ್ರು, ಸಹಾಯ ಮಾಡುವ ಹುರುಪಿನಲ್ಲಿ.

ಸೂರಪ್ಪ ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಮನೆತನದಾಗೆ ಕಾಯಿಲೆ ಐತೆ ಅಂದ್ರೆ ಮೊದ್ಲೇ ಹೇಳಬೇಕಿತ್ತಲ್ರೀ ಬೀಗ್ರೆ? ನಾಳೆ ಹುಡುಗೀಗೂ ಬಂದ್ರೆ? ನಡಿ ಗಣೇಶ, ಇದನ್ನ ಮನೆಯಾಗೆ ಮಾತಾಡೋಣ."

ಬಾಗಿಲಲ್ಲಿ ನಿಂತಿದ್ದ ಕೀರ್ತನಾಳ ಕಣ್ಣು ತುಂಬಿತು. ಅದನ್ನು ನೋಡಿದ್ದೇ ವಾಮದೇವಪ್ಪನವರಿಗೆ ತಡೆಯಲಾಗಲಿಲ್ಲ. ಮಾನ ಹೋದರೆ ಹೋಗಲಿ, ಮಗಳ ಕಣ್ಣಲ್ಲಿ ನೀರು ಬರಬಾರದು.

"ಕಾಯಿಲೇನೂ ಇಲ್ಲ, ಕಸಾಲೇನೂ ಇಲ್ಲ!" ಅಂತ ಓಣಿ ಕೇಳುವ ಹಾಗೆ ಕೂಗಿದರು. "ನೀವು ಕೊಟ್ಟ ಪಂಚೆ ಬೀಗ್ರೆ! ಬೆಳಿಗ್ಗೆ ಹತ್ತರಿಂದ ಸೀಟಿನಾಗೆ ಸಿಕ್ಕೊಂಡೈತೆ. ಕತ್ತರಿಸ್ತೀನಿ ಅಂದ್ರು, ಬ್ಯಾಡ ಅಂದೆ. ಲುಂಗಿ ಕೊಡ್ತೀನಿ ಅಂದ್ರು, ಬ್ಯಾಡ ಅಂದೆ. ಬೀಗ್ರು ಕೊಟ್ಟ ಬಟ್ಟೆಗೆ ಕತ್ತರಿ ಹಾಕೋದು ಹೆಂಗೆ ಅಂತ ಗೆಳೆಯರ ಹತ್ರ ಬೈಸ್ಕೊಂಡೆ, ಪೊಲೀಸ್ರ ಹತ್ರ ಜಗಳ ಆಡ್ದೆ, ಈಗ ನಿಮ್ಮ ಹತ್ರಾನೂ ಅನ್ನಿಸ್ಕೊಂಡೆ. ಏಳಬೇಕು ಅಂದ್ರೆ ಚಡ್ಡಿಯಾಗೆ ಏಳ್ತೀನಿ. ಏಳ್ಲಾ?"

ಸೂರಪ್ಪ ಮೆಲ್ಲಗೆ ಬಂದು, ಬಗ್ಗಿ, ಸೀಟಿನ ಕೆಳಗೆ ನೋಡಿದರು. ಸುತ್ತಿಕೊಂಡ ಜರಿಯಂಚು ಕಾಣಿಸಿತು. ಮೇಲೆ ಏಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ನಾನು ಕೊಟ್ಟ ಬಟ್ಟೆಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ ಬೀಗ್ರೆ," ಅಂದರು. "ನಮ್ಮಪ್ಪನ ಆಣೆ, ನಿಮ್ಮ ಮನೆ ಬಿಟ್ಟು ಬೇರೆ ಮನೆ ಹೆಣ್ಣು ತರಂಗಿಲ್ಲ ನಾನು. ಕಮಲಕ್ಕಾರೆ, ಎಲೆ ಅಡಿಕೆ ತರ್ರಿ. ದಿನ ಇಲ್ಲೇ ಗೊತ್ತು ಮಾಡೋಣ."

ಹಾಗೇ ಆಯಿತು. ಕಾರಿನ ಒಂದು ಕಡೆ ಬೀಗರಿಗೆ ಕುರ್ಚಿ ಹಾಕಿದರು. ಒಳಗಿನಿಂದ ವಾಮದೇವಪ್ಪ, ಹೊರಗಿನಿಂದ ಸೂರಪ್ಪ, ಕಿಟಕಿಯಲ್ಲಿ ತಾಂಬೂಲ ಬದಲಾಯಿಸಿಕೊಂಡರು. ಕೀರ್ತನಾ ಕಣ್ಣು ಒರೆಸಿಕೊಂಡು ನಕ್ಕಳು. ಓಬಯ್ಯ ಮೇಷ್ಟ್ರು ಇದೆಲ್ಲಾ ತಮ್ಮಿಂದಲೇ ಕೂಡಿ ಬಂದದ್ದು ಅನ್ನುವ ಹಾಗೆ ಎಲ್ಲರಿಗೂ ಸಕ್ಕರೆ ಹಂಚಿದರು.

ಅಷ್ಟರಲ್ಲಿ ನಯೀಮನ ಬೈಕಿನಲ್ಲಿ ಮೌಲಾ ಸಾಬ್ ಬಂದರು. ಎಂಬತ್ತು ವರ್ಷದ ಮುದುಕರು, ಇಂಚಿನ ಪಾನಾಗಳ ಗಂಟು ಬಿಚ್ಚಿ ಕೆಲಸಕ್ಕೆ ಕೂತರು. ಮುಂದಿನ ಎರಡು ಬೋಲ್ಟು ಬಂದವು. ಹಿಂದಿನ ಎರಡು ತುಕ್ಕು ಹಿಡಿದು ನೆಲಕ್ಕೇ ಅಂಟಿಕೊಂಡಿದ್ದವು. ಅರ್ಧ ಗಂಟೆ ಒದ್ದಾಡಿ ಎದ್ದು ಬೆವರು ಒರೆಸಿಕೊಂಡರು.

"ಬರಂಗಿಲ್ರಿ. ಎರಡರಾಗೆ ಒಂದು ಕೊಯ್ಯಬೇಕು. ಪಂಚೆನಾದ್ರೂ, ಸೀಟಾದ್ರೂ."

ವಾಮದೇವಪ್ಪನವರಿಗೆ ಹೋದ ಜೀವ ಬಂತು. ಬೀಗರಿಗೆ ನಿಜ ಗೊತ್ತಾಗಿದೆ, ದಿನ ಗೊತ್ತಾಗಿದೆ, ಇನ್ನೇನು? "ಏ ಕೀರ್ತನಾ, ಕತ್ತರಿ ತಗೊಂಡು ಬಾರವ್ವ," ಅಂತ ಹಗುರಾಗಿ ಕೈ ಚಾಚಿದರು.

"ನಿಲ್ರಿ!" ಸೂರಪ್ಪ ಕುರ್ಚಿಯಿಂದ ಎದ್ದು ನಿಂತರು. "ಆ ಬಟ್ಟೆಗೋಸ್ಕರ ನೀವು ಇಷ್ಟೊತ್ತು ಕಷ್ಟಪಟ್ಟೀರಿ. ಈಗ ನನ್ನ ಕಣ್ಣೆದುರಿಗೆ ಅದನ್ನ ಕತ್ತರಿಸಿದ್ರೆ ನಾನು ಮನುಷ್ಯನಾ? ಪಂಚೆ ಮುಟ್ಟಬ್ಯಾಡ್ರಿ. ಸೀಟು ಕೊಯ್ರಿ ಸಾಬ್ರೆ!"

"ಬೀಗ್ರೆ, ಅದು... ಅರವತ್ತೇಳರ ಸೀಟು..."

"ನಿಮಗೆ ಕಾರಿಗಿಂತ ನನ್ನ ಮರ್ಯಾದೆ ದೊಡ್ಡದು ಅಂತ ನನಗೆ ಗೊತ್ತಾತು ಬೀಗ್ರೆ. ನೀವು ಬಾಯಿಬಿಟ್ಟು ಹೇಳೋದೇ ಬ್ಯಾಡ."

ಓಣಿಯೆಲ್ಲ ಚಪ್ಪಾಳೆ ತಟ್ಟಿತು. ನಯೀಮ ಗ್ರೈಂಡರಿಗೆ ಮನೆಯಿಂದ ವೈರು ಎಳೆದ. ಪಂಚೆಗೆ ಕಿಡಿ ತಾಗದಂತೆ ಸೂರಪ್ಪನವರೇ ಒದ್ದೆ ಗೋಣಿಚೀಲ ಅಡ್ಡ ಹಿಡಿದರು. ಕಂಬಿ ಕತ್ತರಿಸಿದ ಮೇಲೆ ಸೀಟು ಹೊರಗೆ ಬರಲು ಸ್ಟೇರಿಂಗು ಅಡ್ಡ ಬಂತು. ಅದನ್ನೂ ಅರ್ಧಕ್ಕೆ ಕೊಯ್ದರು. ಹಡಗಿನಲ್ಲಿ ಏಳು ಸಮುದ್ರ ದಾಟಿ ಒಂದು ಗೀರೂ ಬೀಳದೆ ಬಂದಿದ್ದ ಕಾರಿನ ಮರದ ಪುಡಿ ವಾಮದೇವಪ್ಪನವರ ತೊಡೆ ಮೇಲೆ ಉದುರಿತು. ಅವರು ಕಣ್ಣು ಮುಚ್ಚಿಕೊಂಡು ಮಗಳ ಮದುವೆಯನ್ನು ನೆನೆಸಿಕೊಂಡರು. ಆಮೇಲೆ ನಾಲ್ಕು ಜನ ಅವರನ್ನು ಸೀಟಿನ ಸಮೇತ ಎತ್ತಿ, ಪಲ್ಲಕ್ಕಿಯ ಹಾಗೆ ಹೊತ್ತು ಒಳಕೋಣೆಯಲ್ಲಿ ಇಳಿಸಿ ಬಾಗಿಲು ಹಾಕಿಕೊಂಡು ಹೋದರು.

ಕಮಲಕ್ಕ ಕೆಳಗೆ ಕೂತು ಕಂಬಿಯಿಂದ ಪಂಚೆಯನ್ನು ಎಳೆ ಎಳೆಯಾಗಿ ಬಿಡಿಸಿದರು. ಸ್ವಲ್ಪ ಗ್ರೀಸು ಬಿಟ್ಟರೆ ಒಂದು ದಾರವೂ ಹರಿದಿರಲಿಲ್ಲ. ತುದಿಯನ್ನು ಬಿಡಿಸಿ ಬೆಳಕಿಗೆ ಹಿಡಿದವರು ಹಾಗೇ ಕೂತುಬಿಟ್ಟರು.

ನಮ್ಮ ಕಡೆ ಉಡುಗೊರೆ ಬಂದ ಬಟ್ಟೆಯನ್ನು ಎಲ್ಲರೂ ಉಡುವುದಿಲ್ಲ. ಯಾರು ಕೊಟ್ಟದ್ದು ಅಂತ ಮೂಲೆಯಲ್ಲಿ ಪೆನ್ನಿನಿಂದ ಸಣ್ಣಗೆ ಬರೆದು ಬೀರುವಿನಲ್ಲಿ ಇಡುತ್ತಾರೆ. ಮುಂದೆ ಯಾರಿಗಾದರೂ ಕೊಡುವಾಗ, ಮರೆತು ಅದೇ ಮನೆಗೆ ವಾಪಸ್ಸು ಹೋಗದಿರಲಿ ಅಂತ. ಈ ಪಂಚೆಯ ಮೂಲೆಯಲ್ಲಿ ಮೂರು ಬೇರೆ ಬೇರೆ ಕೈಬರಹದಲ್ಲಿ ಮೂರು ಸಾಲು ಇದ್ದವು. ಕೆಳಗಿನದು, 'ಮಲೆಬೆನ್ನೂರು ಅತ್ತಿಗೆ.' ಅದರ ಮೇಲೆ, 'ಓಬಯ್ಯ ಮೇಷ್ಟ್ರು.' ಎಲ್ಲಕ್ಕಿಂತ ಮೇಲೆ, ಅರ್ಧ ಮಾಸಿದ ಅಕ್ಷರದಲ್ಲಿ, 'ಕಮಲಕ್ಕ, ಬಿ ಬ್ಲಾಕ್.'

"ರೀ," ಅಂದರು ಕಮಲಕ್ಕ ಪಿಸುದನಿಯಲ್ಲಿ. "ಇದು ಮೇಷ್ಟ್ರ ಮನೆ ಗೃಹಪ್ರವೇಶಕ್ಕೆ ನಾನೇ ಕೊಟ್ಟಿದ್ದು. ಮೇಷ್ಟ್ರು ಬೀಗ್ರ ಅತ್ತಿಗೆಗೆ ಕೊಟ್ಟಾರೆ, ಆಕೆ ಬೀಗ್ರಿಗೆ ಕೊಟ್ಟಾಳೆ."

ವಾಮದೇವಪ್ಪ ಕಿಟಕಿಯಿಂದ ಹೊರಗೆ ನೋಡಿದರು. ಸೀಟಿಲ್ಲದ, ಅರ್ಧ ಸ್ಟೇರಿಂಗಿನ ಕೆಂಪು ಕಾರು ಬಿಸಿಲಿನಲ್ಲಿ ನಿಂತಿತ್ತು. ತಿರುಗಿ ಕೇಳಿದರು: "ಬಟ್ಟೆನಾದ್ರೂ ಒಳ್ಳೇದಾ?"

"ಒಂದು ತಗೊಂಡ್ರೆ ಒಂದು ಫ್ರೀ ಇತ್ತು," ಅಂದರು ಕಮಲಕ್ಕ. "ಇದು ಫ್ರೀ ಬಂದದ್ದು."

ವಾಮದೇವಪ್ಪನವರಿಗೆ ಎಲ್ಲಿತ್ತೋ ನಗು, ಉಕ್ಕಿ ಬಂತು. ಕಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಗಂಡ ಹೆಂಡತಿ ಇಬ್ಬರೂ ಸದ್ದಾಗದಂತೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೊರಗಿನಿಂದ ಸೂರಪ್ಪನವರ ದನಿ ಕೇಳಿಸಿತು.

"ಬೀಗ್ರೆ, ಪಂಚೆಗೆ ಏನೂ ಆಗಿಲ್ಲ ತಾನೆ?"

"ಏನೂ ಆಗಿಲ್ಲ ಬೀಗ್ರೆ," ಅಂತ ವಾಮದೇವಪ್ಪ ಅದನ್ನೇ ಸುತ್ತಿಕೊಳ್ಳುತ್ತಾ ಕೂಗಿ ಹೇಳಿದರು. "ಮನೆಗೆ ಬಂದು ಸೇರ್ತು."